ಹಸಿರು ಫೈಲು, ಹೆಣ್ಣುಮಕ್ಕಳ ಫೈಲು

ಕಾಲೇಜುಗಳನ್ನು ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಎಂದರೆ ನಮ್ಮ ಕಾಲೇಜುಗಳಲ್ಲಿ ಮದುವೆ ಮನೆಯ ಗಡಿಬಿಡಿ. ಗೋಡೆಗೆ ಬಣ್ಣ, ಬಾಗಿಲಿಗೆ ಹೂಕುಂಡ, ವರ್ಷವಿಡೀ ಒಣಗಿ ನಿಂತ ಕಾರಂಜಿಗೆ ಎರಡು ದಿನದ ಮಟ್ಟಿಗೆ ನೀರು. ಸ್ಟಾಫ್ ರೂಮಿನಲ್ಲಿ ಫೈಲುಗಳ ಸಾಲು. ನ್ಯಾಕ್ ಲೆಕ್ಕದಲ್ಲಿ ಏಳು ಮಾನದಂಡಗಳಿವೆ. ಏಳನೆಯದು ಸಂಸ್ಥೆಯ ಮೌಲ್ಯಗಳದ್ದು. ಅದರ ಶುರುವಿನಲ್ಲೇ ಲಿಂಗ ಸಮಾನತೆ ಬರುತ್ತದೆ. ಅದರ ಬೆನ್ನಿಗೇ ಸೌರಶಕ್ತಿ, ಕಸ, ಮಳೆನೀರು, ಹಸಿರು ಕ್ಯಾಂಪಸ್.

ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಮನೆ. ಕಾಲೇಜಿನಲ್ಲಿ ಮಾತ್ರ ಎರಡು ಫೈಲು, ಇಬ್ಬರು ಸಂಚಾಲಕರು. ಹಸಿರು ಫೈಲಿನಲ್ಲಿ ಜೂನ್ 5ರಂದು ಸಸಿ ನೆಟ್ಟ ಫೋಟೊ. ಹೆಣ್ಣುಮಕ್ಕಳ ಫೈಲಿನಲ್ಲಿ ಮಾರ್ಚ್ 8ರ ರಂಗೋಲಿ ಸ್ಪರ್ಧೆಯ ಫೋಟೊ. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾರೆ. ಫೈಲಿನ ವಿಷಯ ಮಾತ್ರ ಮಾತಾಡಿಕೊಳ್ಳುವುದಿಲ್ಲ.

ನಾನು ಸಿವಿಲ್ ಇಂಜಿನಿಯರಿಂಗ್ ಓದಿದವಳು. ಮೈಸೂರು, ಮಂಡ್ಯ ಕಡೆಯ ಕಾಲೇಜುಗಳಲ್ಲಿ ಪಾಠ ಮಾಡಿಕೊಂಡು ಬಂದವಳು. ಈ ಎರಡು ಫೈಲು ನಿಜಕ್ಕೂ ಒಂದೇ ಎಂದು ನನಗೆ ಹೊಳೆದದ್ದು ಒಂದು ಬೀಗ ನೋಡಿದಾಗ.

ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಆ ಬೇಸಿಗೆ ನೀರಿಗೆ ತತ್ವಾರ. ಬೋರ್‌ವೆಲ್ ಕೈಕೊಟ್ಟಿತ್ತು. ನೀರು ಉಳಿಸಬೇಕು ಅಂತ ಮೇಲಿನ ಎರಡು ಮಹಡಿಯ ಲೇಡೀಸ್ ಟಾಯ್ಲೆಟ್‌ಗೆ ಬೀಗ ಜಡಿದರು. ಕೆಳಗಿನದ್ದೊಂದೇ ಗತಿ. ಹುಡುಗರದ್ದು ಮೂರೂ ಮಹಡಿಯಲ್ಲಿ ತೆರೆದೇ ಇತ್ತು. ಕೇಳಿದರೆ, ‘ಅಲ್ಲಿ ನೀರು ಅಷ್ಟು ಖರ್ಚಾಗಲ್ಲ ಮೇಡಂ’ ಅಂದರು. ವರ್ಷದ ಕೊನೆಗೆ ಹಸಿರು ಫೈಲಿನಲ್ಲಿ ಒಂದು ಸಾಲು ಸೇರಿತು: ನೀರಿನ ಬಳಕೆ ಕಡಿಮೆಯಾಗಿದೆ. ಹೆಣ್ಣುಮಕ್ಕಳ ಫೈಲಿನಲ್ಲಿ ಹಳೆಯ ಸಾಲು ಹಾಗೇ ಇತ್ತು: ಪ್ರತಿ ಮಹಡಿಯಲ್ಲೂ ಪ್ರತ್ಯೇಕ ಶೌಚಾಲಯವಿದೆ. ದಾಖಲೆಯ ಮಟ್ಟಿಗೆ ಎರಡೂ ಸರಿಯೇ.

ಆಗಿದ್ದೇನು ಅಂತ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಮನೆಯಿಂದ ತುಂಬಿಸಿ ತಂದ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಮೂರು ಗಂಟೆಯ ಲ್ಯಾಬ್ ಇರುವ ದಿನ ಕೆಲವರು ನೀರೇ ಮುಟ್ಟುತ್ತಿರಲಿಲ್ಲ. ಉರಿಮೂತ್ರ, ತಲೆನೋವು, ರಜೆ. ನೀರು ಉಳಿದದ್ದು ನಿಜ. ಉಳಿಸಿದವರು ಯಾರು ಅಂತ ಯಾವ ಆಡಿಟ್‌ನಲ್ಲೂ ಬರಲಿಲ್ಲ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ 800 ಮಿಲಿಮೀಟರ್ ಆಸುಪಾಸು ಮಳೆ. 1,000 ಚದರ ಮೀಟರ್ ತಾರಸಿ ಇರುವ ಒಂದು ಬ್ಲಾಕ್ ಮೇಲೆ ಬೀಳುವ ನೀರು 8 ಲಕ್ಷ ಲೀಟರ್. ಸೋರಿದ್ದು, ಆವಿಯಾದದ್ದು, ಮೊದಲ ಮಳೆಯ ಕೊಳೆನೀರು ಎಲ್ಲ ಕಳೆದರೂ 6 ಲಕ್ಷಕ್ಕೆ ಮೋಸವಿಲ್ಲ. ಎರಡು ಗುಂಡಿಯ ಫ್ಲಶ್‌ನಲ್ಲಿ ಸಣ್ಣ ಗುಂಡಿ ಒತ್ತಿದರೆ 3 ಲೀಟರ್. 500 ಹುಡುಗಿಯರು ದಿನಕ್ಕೆ ಎರಡು ಸಲ ಬಳಸಿದರೆ 3,000 ಲೀಟರ್. ವರ್ಷಕ್ಕೆ 200 ದಿನ ತರಗತಿ ಅಂದುಕೊಂಡರೆ 6 ಲಕ್ಷ. ತಾಳೆ ಆಯ್ತಲ್ವಾ? ಮಳೆ ನಮ್ಮ ಟೈಮ್‌ಟೇಬಲ್ ನೋಡಿಕೊಂಡು ಬರುವುದಿಲ್ಲ, ನಿಜ. ಮೇ ತಿಂಗಳಲ್ಲೊಂದಿಷ್ಟು, ಮುಂಗಾರಿನಲ್ಲಿ ಜಿನುಗುತ್ತಾ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರಾಗಿ ಬರುತ್ತದೆ. ದೊಡ್ಡ ಸಂಪು ಬೇಕು, ಫಿಲ್ಟರ್ ಬೇಕು, ಟಾಯ್ಲೆಟ್‌ಗೆ ಬೇರೆ ಪೈಪ್ ಲೈನ್ ಬೇಕು. ಕಟ್ಟುವಾಗಲೇ ಹಾಕಿದರೆ ಇದು ದೊಡ್ಡ ಖರ್ಚಲ್ಲ. ಕಟ್ಟಿದ ಮೇಲೆ ಗೋಡೆ ಒಡೆದು ಹಾಕಬೇಕಾದರೆ ದೊಡ್ಡ ಖರ್ಚೇ. ಬೀಗಕ್ಕೆ ಮಾತ್ರ ಖರ್ಚು ಕಡಿಮೆ.

ಇನ್ನೊಂದು ಮಾತು. ಕೆಟ್ಟ ವಾಲ್ವ್‌ನಿಂದ ಸದಾ ಹರಿಯುವ ಒಂದು ಫ್ಲಶ್ ಟ್ಯಾಂಕ್ ದಿನಕ್ಕೆ ನೂರಾರು ಲೀಟರ್ ನುಂಗುತ್ತದೆ. ಪ್ಲಂಬರ್ ಕರೆಸಿದ್ದರೆ ಮುಗಿಯುತ್ತಿತ್ತು. ನೀರಿನ ಸಮಸ್ಯೆಯ ಮೊದಲ ಪರಿಹಾರವಾಗಿ ಹೆಣ್ಣುಮಕ್ಕಳ ಬಾಗಿಲೇ ಯಾಕೆ ನೆನಪಾಯಿತು? ತೀರ್ಮಾನ ಮಾಡಿದ ಮೀಟಿಂಗಿನಲ್ಲಿ ಆ ಬಾಗಿಲು ಬಳಸುವವರು ಯಾರೂ ಕೂತಿರಲಿಲ್ಲ. ನನಗೆ ಅಷ್ಟೇ ಕಾಣುವುದು.

ಇದಕ್ಕಿಂತ ದೊಡ್ಡ ಬೀಗವೊಂದನ್ನು ಮೈಸೂರು 2021ರಲ್ಲಿ ನೋಡಿತು. ಆ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಊರು ಬೆಚ್ಚಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಸುತ್ತೋಲೆ ಬಂತು: ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು. ಕುಕ್ಕರಹಳ್ಳಿ ಕೆರೆಯ ಕಡೆಗೂ ನಿರ್ಬಂಧ. ಹುಡುಗರ ಬಗ್ಗೆ ಮಾತಿರಲಿಲ್ಲ. ವಿರೋಧ ಜೋರಾದ ಮೇಲೆ ಸುತ್ತೋಲೆ ವಾಪಸ್ ಆಯಿತು.

ವಾಪಸ್ ಆದದ್ದು ಕಾಗದ. ಅದನ್ನು ಬರೆಸಿದ ಕತ್ತಲೆ ಅಲ್ಲೇ ಇತ್ತು. ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ. ಯಾಕೆಂದರೆ ಹಸಿರಿನ ಪರ ಇರುವವರೂ ಹೆಣ್ಣುಮಕ್ಕಳ ಪರ ಇರುವವರೂ ನಿಜವಾಗಿ ಎದುರುಬದುರಾಗುವ ಜಾಗ ಇದು.

ಮಾನಸಗಂಗೋತ್ರಿ ನೂರಾರು ಎಕರೆಯ ಕ್ಯಾಂಪಸ್. ಕುವೆಂಪು ಇಟ್ಟ ಹೆಸರು, 1960ರಿಂದ ಬಾಳಿ ಬಂದ ಜಾಗ. ವಿಭಾಗಗಳು ಒಂದಕ್ಕೊಂದು ದೂರ ದೂರ, ನಡುವೆ ಮರಗಳು, ಖಾಲಿ ಮೈದಾನ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು, ನೀರುಕಾಗೆಗಳು ಸಂಜೆ ಮರಕ್ಕೆ ಮರಳುವುದನ್ನು ನೋಡಲೆಂದೇ ಜನ ಏರಿಯ ಮೇಲೆ ನಡೆಯುತ್ತಾರೆ. ಪರಿಸರದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಕ್ಯಾಂಪಸ್ ಎಲ್ಲಿದೆ? ಸೂರ್ಯ ಮುಳುಗಿದ ಮೇಲೆ ಮಾತ್ರ ಇದೇ ದೂರ, ಇದೇ ಮರ, ಇದೇ ಖಾಲಿತನ ಲೈಬ್ರರಿಯಿಂದ ಹಾಸ್ಟೆಲ್‌ಗೆ ಹೋಗುವ ಹುಡುಗಿಗೆ ಬೇರೆಯೇ ಆಗಿ ಕಾಣುತ್ತದೆ.

ಸುಲಭದ ಉತ್ತರ ಎಲ್ಲರಿಗೂ ಗೊತ್ತು. ಮರದ ಕೊಂಬೆ ಕಡಿ, ಹೈಮಾಸ್ಟ್ ದೀಪ ನಿಲ್ಲಿಸು. ಪಕ್ಷಿ ನೋಡುವವರು ಇದನ್ನು ವಿರೋಧಿಸುವುದರಲ್ಲಿ ಅರ್ಥವಿದೆ. ರಾತ್ರಿಯ ಬಿಳಿ ಬೆಳಕು ಗೂಡಿನಲ್ಲಿರುವ ಹಕ್ಕಿಯ ನಿದ್ದೆ ಕೆಡಿಸುತ್ತದೆ, ಹುಳುಹುಪ್ಪಟೆಯನ್ನು ಎಳೆದು ಕೊಲ್ಲುತ್ತದೆ. ಆದರೆ ತಮಾಷೆ ಏನೆಂದರೆ ಹೈಮಾಸ್ಟ್ ಹೆಣ್ಣುಮಕ್ಕಳಿಗೂ ಹೇಳಿಮಾಡಿಸಿದ್ದಲ್ಲ. ಎತ್ತರದ ಕಂಬದ ಬೆಳಕು ಮರದ ತಲೆಯ ಮೇಲೆ ಬೀಳುತ್ತದೆ, ದಾರಿಯ ಮೇಲೆ ನೆರಳು ಬೀಳುತ್ತದೆ. ಕಂಬದ ಕೆಳಗೆ ಕಣ್ಣು ಕುಕ್ಕುವ ಬೆಳಕು, ಹತ್ತು ಹೆಜ್ಜೆ ಆಚೆ ಕಗ್ಗತ್ತಲು. ಆ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಕತ್ತಲಲ್ಲಿ ನಿಂತವನು ಕಾಣುವುದೇ ಇಲ್ಲ. ನಡೆಯುವವರಿಗೆ ಬೇಕಾದದ್ದು ಜಾಸ್ತಿ ಬೆಳಕಲ್ಲ, ಒಂದೇ ಸಮನಾದ ಬೆಳಕು. ಮರದ ಕೊಂಬೆಗಿಂತ ಕೆಳಗೆ, ಹತ್ತಿರ ಹತ್ತಿರ ನಿಂತ ಗಿಡ್ಡ ಕಂಬಗಳು. ಮೇಲಕ್ಕೆ ಚೆಲ್ಲದಂತೆ ಟೋಪಿ ಹಾಕಿದ ಹಳದಿ ದೀಪಗಳು. ಎದುರು ಬರುವವರ ಮುಖ ಗುರುತು ಸಿಗುವಷ್ಟು ಬೆಳಕು ಸಾಕು. ಹಕ್ಕಿಗಳಿಗೂ ಇದೇ ವಾಸಿ. ಕರೆಂಟ್ ಬಿಲ್ಲಿಗೂ ಇದೇ ವಾಸಿ.

ಬೆಳಕೊಂದೇ ಸಾಲದು. ಒಂದು ದಾರಿ ಸುರಕ್ಷಿತ ಅನಿಸುವುದು ಅಲ್ಲಿ ಜನ ಇದ್ದಾಗ. ಒಂದು ಟೀ ಅಂಗಡಿ, ರಾತ್ರಿ ಒಂಬತ್ತರವರೆಗೆ ತೆರೆದಿರುವ ಜೆರಾಕ್ಸ್ ಅಂಗಡಿ, ಕಿಟಕಿ ರಸ್ತೆಗೆ ಮುಖ ಮಾಡಿದ ಹಾಸ್ಟೆಲ್ ರೂಮು. ನಮ್ಮ ಕ್ಯಾಂಪಸ್ ಪ್ಲಾನ್‌ಗಳಲ್ಲಿ ಉಲ್ಟಾ. ಅಂಗಡಿ ಕಂಡರೆ ಎತ್ತಂಗಡಿ. ಲೇಡೀಸ್ ಹಾಸ್ಟೆಲ್ ಅಂದರೆ ಒಂದು ಮೂಲೆಗೆ ತಳ್ಳಿ, ಎತ್ತರದ ಕಾಂಪೌಂಡ್ ಎಬ್ಬಿಸಿ, ಮೇಲೆ ಗಾಜು ಚುಚ್ಚುವುದು. ಎತ್ತರದ ಕಾಂಪೌಂಡಿನ ಪಕ್ಕದ ರಸ್ತೆಯಷ್ಟು ಭಯದ ರಸ್ತೆ ಇನ್ನೊಂದಿಲ್ಲ, ಯಾಕೆಂದರೆ ಅದನ್ನು ಯಾರೂ ನೋಡುತ್ತಿರುವುದಿಲ್ಲ. 2013ರಲ್ಲೇ ಯುಜಿಸಿಯ ‘ಸಕ್ಷಮ್’ ವರದಿ ಇದನ್ನೆಲ್ಲ ಹೇಳಿತ್ತು. ಬೆಳಕು, ಟಾಯ್ಲೆಟ್, ಸಾರಿಗೆ ಸರಿಮಾಡಿ, ರಕ್ಷಣೆಯ ಹೆಸರಲ್ಲಿ ಹೆಣ್ಣುಮಕ್ಕಳನ್ನು ಕಟ್ಟಿಹಾಕಬೇಡಿ ಅಂತ. 2021ರ ಸುತ್ತೋಲೆ ಬರೆಯುವ ಹೊತ್ತಿಗೆ ಅದಕ್ಕೆ ಎಂಟು ವರ್ಷ ವಯಸ್ಸಾಗಿತ್ತು.

ಪರಿಸರದ ಲೆಕ್ಕಕ್ಕೇ ಬನ್ನಿ. ಒಂದು ಲೈಬ್ರರಿ ಕಟ್ಟಲು ಸಿಮೆಂಟು, ಕಬ್ಬಿಣ, ಮರಳು ಎಲ್ಲ ಸುರಿದಿದ್ದೇವೆ. ಸಂಜೆ ಆರೂವರೆಗೆ ಓದುವವರಲ್ಲಿ ಅರ್ಧ ಜನ ಎದ್ದು ಹೋಗಬೇಕಾದರೆ ಆ ಕಟ್ಟಡ ಅರ್ಧ ದಂಡ. ನಡೆಯಲು ಹೆದರಿದವರು ಏನು ಮಾಡುತ್ತಾರೆ? ಸ್ಕೂಟಿ ಕೊಳ್ಳುತ್ತಾರೆ. ಎಂಟುನೂರು ಮೀಟರ್ ದೂರಕ್ಕೆ ಪೆಟ್ರೋಲ್ ಸುಡುತ್ತಾರೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾದಾಗ ಊರಿಗೇ ಹೆಮ್ಮೆ. ಸೈಕಲ್ ಸ್ಟ್ಯಾಂಡ್ ನಿಲ್ಲಿಸುವುದು ಸುಲಭ. ದುಪಟ್ಟಾ ಹಾಕಿಕೊಂಡ ಹುಡುಗಿ ಏಳು ಗಂಟೆಯ ಮೇಲೆ ಧೈರ್ಯವಾಗಿ ತುಳಿದುಕೊಂಡು ಹೋಗುವ ರಸ್ತೆ ಮಾಡುವುದು ಕಷ್ಟ.

ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆ ನಮ್ಮನ್ನು ತರಗತಿಗೆ ತಂದು ನಿಲ್ಲಿಸುತ್ತದೆ.

1940ರ ದಶಕದಲ್ಲಿ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎ. ಲಲಿತಾ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದರು. ಸರ್ಟಿಫಿಕೇಟ್‌ನಲ್ಲಿ ‘ಅವನು’ ಅಂತಲೇ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಕೈಯಲ್ಲಿ ‘ಅವಳು’ ಅಂತ ಬರೆದುಕೊಟ್ಟರು. ನಮ್ಮ ಕಡೆಯವರೇ ಆದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೈಸೂರು ವಿಶ್ವವಿದ್ಯಾನಿಲಯದ ಡಿಗ್ರಿ ಹಿಡಿದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ರಾಜೇಶ್ವರಿ, ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಮರಳಿ ಅಲ್ಲೇ ಮೈಕ್ರೋವೇವ್ ಪಾಠ ಮಾಡಿದರು. ಅಜ್ಜಿ ಓದಿದ್ದಕ್ಕೆ ಮೊಮ್ಮಗಳಿಗೆ ಬಾಗಿಲು ಸ್ವಲ್ಪ ತೆರೆದಿತ್ತು.

ಈಗ ಎಷ್ಟು ತೆರೆದಿದೆ? 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ ದೇಶದಲ್ಲಿ ಬಿ.ಇ., ಬಿ.ಟೆಕ್. ಓದುವವರಲ್ಲಿ ಹೆಣ್ಣುಮಕ್ಕಳು ಶೇ 29ರ ಆಸುಪಾಸು. ಐಐಟಿಗಳಲ್ಲಿ ತೀರಾ ಕಡಿಮೆ ಅಂತ 2018ರಿಂದ ಹೆಚ್ಚುವರಿ ಸೀಟು ಕೊಟ್ಟು, ಎರಡು ವರ್ಷದಲ್ಲಿ ಶೇ 20ಕ್ಕೆ ತಂದರು. ಆರ್ಕಿಟೆಕ್ಚರ್ ಕಥೆ ಬೇರೆ. ಮೈಸೂರಿನ ಯಾವ ಆರ್ಕಿಟೆಕ್ಚರ್ ಸ್ಟುಡಿಯೋಗೆ ಹೋದರೂ ಡ್ರಾಯಿಂಗ್ ಟೇಬಲ್ ಮುಂದೆ ಹುಡುಗಿಯರೇ ಜಾಸ್ತಿ ಕಾಣುತ್ತಾರೆ. ಐದು ವರ್ಷ ಓದುತ್ತಾರೆ, ಒಳ್ಳೆಯ ಪೋರ್ಟ್‌ಫೋಲಿಯೊ ಮಾಡುತ್ತಾರೆ. ಹತ್ತು ವರ್ಷ ಬಿಟ್ಟು ಆಫೀಸಿನ ಬೋರ್ಡ್ ಮೇಲೆ ಯಾರ ಹೆಸರಿದೆ ನೋಡಿ. ಬೆಂಗಳೂರಿನ ಚಿತ್ರಾ ವಿಶ್ವನಾಥ್ ತರಹ ಮಣ್ಣಿನ ಕಟ್ಟಡ, ಮಳೆನೀರು ಅಂತ ಸ್ವಂತ ದಾರಿ ಮಾಡಿಕೊಂಡವರು ಇದ್ದಾರೆ. ಎಣಿಸಲು ಬೆರಳು ಸಾಕು.

ಇಂಜಿನಿಯರಿಂಗ್‌ನಲ್ಲಿ ಇನ್ನೊಂದು ಸೋಸುವಿಕೆ ಇದೆ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಅಪ್ಪ ಅಮ್ಮ ಮಗಳಿಗೆ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಕೊಡಿಸುತ್ತಾರೆ. ‘ಎಸಿ ರೂಮಲ್ಲಿ ಕೂತು ಮಾಡೋ ಕೆಲಸ’. ಸಿವಿಲ್ ಅಂದರೆ ಬಿಸಿಲು, ಧೂಳು, ಮೇಸ್ತ್ರಿ, ಸೈಟು. ನಾನು ಸೇರಿದಾಗ ಮೇಷ್ಟ್ರೊಬ್ಬರು ಕಾಂಕ್ರೀಟ್ ಲ್ಯಾಬಿನಲ್ಲಿ ‘ಹುಡುಗೀರು ರೀಡಿಂಗ್ ಬರ್ಕೊಳ್ಳಿ, ಕ್ಯೂಬ್ ಹುಡುಗರು ಎತ್ತುತ್ತಾರೆ’ ಅಂದಿದ್ದರು. ಕಾಳಜಿಯಿಂದಲೇ ಅಂದದ್ದು. ಗಟ್ಟಿತನ ಪರೀಕ್ಷೆಗೆ ಎರಕ ಹೊಯ್ಯುವ 150 ಮಿಲಿಮೀಟರಿನ ಒಂದು ಕಾಂಕ್ರೀಟ್ ಕ್ಯೂಬ್ ತೂಕ 8 ಕೆಜಿ. ನಮ್ಮಮ್ಮ ಬೀದಿ ನಲ್ಲಿಯಿಂದ ಹೊತ್ತು ತರುತ್ತಿದ್ದ ತುಂಬಿದ ಬಿಂದಿಗೆ ಅದಕ್ಕಿಂತ ಭಾರ. ಸೊಂಟದ ಮೇಲೆ ಒಂದು, ತಲೆಯ ಮೇಲೆ ಇನ್ನೊಂದು.

ಕ್ಯೂಬ್ ಎತ್ತದವರು ಮುಂದೆ ಸೈಟಿಗೆ ಹೋಗುವುದಿಲ್ಲ. ಸೈಟಿಗೆ ಹೋಗದವರಿಗೆ ಎಸ್ಟಿಮೇಟ್ ಕೈಗೆ ಬರುವುದಿಲ್ಲ. ಒಂದು ಕಟ್ಟಡ ಹಸಿರೋ ಅಲ್ಲವೋ ಅನ್ನುವುದು ಅರ್ಧಕ್ಕರ್ಧ ತೀರ್ಮಾನವಾಗುವುದು ಆ ಎಸ್ಟಿಮೇಟ್‌ನಲ್ಲೇ. ಉದ್ಘಾಟನೆಯ ದಿನ ನೆಡುವ ಸಸಿಯಲ್ಲಲ್ಲ.

ಪ್ರಪಂಚದ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8 ಸಿಮೆಂಟ್ ಒಂದರಿಂದಲೇ ಬರುತ್ತದೆ. ಸುಣ್ಣದ ಕಲ್ಲು ಸುಡುವಾಗ ಉರುವಲಿನ ಹೊಗೆ ಒಂದು ಕಡೆ. ಆ ಕಲ್ಲೇ ಬಿಟ್ಟುಕೊಡುವ ಅನಿಲ ಇನ್ನೊಂದು ಕಡೆ. ಉರುವಲನ್ನು ಬದಲಿಸಬಹುದು, ಎರಡನೆಯದನ್ನು ತಪ್ಪಿಸುವುದು ಕಷ್ಟ. ಆದ್ದರಿಂದ ಇರುವ ದಾರಿ ಸಿಮೆಂಟ್ ಕಡಿಮೆ ಬಳಸುವುದು. ಈ ಮಾತು ಮಂಡ್ಯ ಜಿಲ್ಲೆಯವರಿಗೆ ಹೊಸದಾಗಬಾರದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ. ಇವತ್ತಿಗೂ ನೀರು ಹಿಡಿದು ನಿಂತಿದೆ.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಾಡಿದ ಕೆಲಸ ಸಿವಿಲ್ ಓದಿದವರಿಗೆ ಗೊತ್ತು. ಊರ ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಸುಡುವ ಕೆಲಸವಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ, ಆಲೆಮನೆಗಳಲ್ಲಿ ಉಳಿಯುವ ಕಬ್ಬಿನ ಸಿಪ್ಪೆಯ ಬೂದಿಯನ್ನು ಜರಡಿ ಹಿಡಿದು, ನುಣ್ಣಗೆ ಅರೆದು ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬಳಸಬಹುದು. ಶೇ 10ರವರೆಗೆ ಹಾಕಿದರೆ ಗಟ್ಟಿತನಕ್ಕೆ ಸಾಮಾನ್ಯವಾಗಿ ಕುಂದಿಲ್ಲ. ಆಲೆಮನೆಯ ಒಲೆ ಒಂದೊಂದು ದಿನ ಒಂದೊಂದು ಥರ ಉರಿಯುವುದರಿಂದ ಬೂದಿ ಪರೀಕ್ಷೆ ಮಾಡದೆ ಬಳಸಬಾರದು, ಅಷ್ಟೇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೇಳಿಮಾಡಿಸಿದ ವಿಷಯ. ಪ್ರಾಜೆಕ್ಟ್ ಬೈಂಡ್ ಆಗಿ ಲೈಬ್ರರಿ ಕಪಾಟು ಸೇರುತ್ತದೆ. ಅದೇ ಕಾಲೇಜು ಹೊಸ ಬ್ಲಾಕ್ ಕಟ್ಟುವಾಗ ಮತ್ತೆ ಅದೇ ಸಿಮೆಂಟು, ಮುಂದೆ ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಗಾಜಿನ ಗೋಡೆ. ಯಾಕೆ ಅಂದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸಲೀಸಾಗಿ ಸಿಗದ ಐಟಂ ಹಾಕಿದರೆ ಇಂಜಿನಿಯರು ಕೂತು ದರ ಸಮರ್ಥನೆ ಬರೆಯಬೇಕು. ಆಡಿಟ್‌ನವರು ಕೇಳಿದರೆ ಉತ್ತರ ಹೇಳಬೇಕು. ಯಾರಿಗೆ ಬೇಕು ಉಸಾಬರಿ?

ಈ ಹಳೆಯ ಗಾರೆಯ ಕಥೆಯಲ್ಲಿ ಹೆಂಗಸರಿಗೂ ಒಂದು ಪಾಲಿತ್ತು. ಮರದ ತೊಲೆಯ ಮೇಲೆ ಇಟ್ಟಿಗೆ ಕೂರಿಸಿದ ಹಳೆಯ ‘ಮದ್ರಾಸ್ ತಾರಸಿ’ಗೆ ಸುಣ್ಣದ ಗಾರೆ ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಎಷ್ಟು ಬಡಿದರೆ ಸಾಕು, ಎಲ್ಲಿ ಇನ್ನೂ ಟೊಳ್ಳಿದೆ ಅಂತ ಸದ್ದಿನಲ್ಲೇ ಹೇಳುವ ಕಸುಬು. ಸಿಮೆಂಟ್ ಬಂತು, ಸೆಂಟ್ರಿಂಗ್ ಬಂತು, ಮಿಕ್ಸರ್ ಬಂತು. ಕಸುಬೆಲ್ಲ ಗಂಡಸಿನ ಪಾಲಾಯಿತು. ಹೆಂಗಸಿಗೆ ಉಳಿದದ್ದು ಬಾಂಡ್ಲಿ ಹೊರುವುದು, ಕ್ಯೂರಿಂಗ್‌ಗೆ ನೀರು ಹಾಕುವುದು. ಹಳೆಯ ಕಾಲ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ. ಆಗಲೂ ಕೂಲಿ ಕಡಿಮೆಯೇ ಇದ್ದಿರಬೇಕು. ಆದರೆ ಹೆಣ್ಣು ಮೇಸ್ತ್ರಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಇಷ್ಟು ವರ್ಷದ ಸೈಟಿನ ಓಡಾಟದಲ್ಲಿ ಒಬ್ಬರನ್ನೂ ನೋಡಿಲ್ಲ.

ವಿಶ್ವವಿದ್ಯಾಲಯದ ಲಿಂಗ ಸಮಾನತೆಯ ಫೈಲಿಗೆ ಈ ಕೂಲಿ ಹೆಂಗಸರು ಸೇರುವುದೂ ಇಲ್ಲ. ಅದರಲ್ಲಿ ಇರುವುದು ವಿದ್ಯಾರ್ಥಿನಿಯರು, ಅಧ್ಯಾಪಕಿಯರು. ಲೇಡೀಸ್ ಹಾಸ್ಟೆಲ್ ಕಟ್ಟಲು ಎರಡು ವರ್ಷ ಅಲ್ಲೇ ಶೆಡ್ ಹಾಕಿಕೊಂಡು ಬದುಕಿದ ಹೆಂಗಸಿಗೆ ಟಾಯ್ಲೆಟ್ ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಶೌಚಾಲಯ ಕಡ್ಡಾಯವಾಗಿತ್ತು. ಕೂಸಿನ ಮನೆಯೂ ಕಡ್ಡಾಯವಾಗಿತ್ತು, ಆದರೆ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಮಾತ್ರ. ಕಾಲೇಜಿನ ಒಂದು ಬ್ಲಾಕ್ ಕಟ್ಟುವಲ್ಲಿ 50 ಹೆಂಗಸರು ಎಲ್ಲಿರುತ್ತಾರೆ? ಹತ್ತು, ಹದಿನೈದು. ಹಾಗಾಗಿ ಕೂಸು ಜಲ್ಲಿ ರಾಶಿಯ ಪಕ್ಕ, ಮರಕ್ಕೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ. ಟೆಂಡರ್ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಎಷ್ಟೇ ಹೆಂಗಸರಿರಲಿ, ಕೂಸಿನ ಮನೆ ಇರಬೇಕು. ವಿಶ್ವವಿದ್ಯಾಲಯವೇ ಮಾಲೀಕ, ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ಕಾಲೇಜಿಗೆ ಬರುವ ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಬಸ್ ಚಾರ್ಜ್ ಎಂಬ ಚಿಂತೆ ಹೋಯಿತು. ಇದನ್ನು ಬರೀ ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರಿಗೆ ಒಂದು ಮಾತು. ಬಸ್ಸಿನಲ್ಲಿ ಹೋಗುವವರನ್ನು ಬಸ್ಸಿನಲ್ಲೇ ಉಳಿಸಿಕೊಳ್ಳುವುದಕ್ಕಿಂತ ದೊಡ್ಡ ಪರಿಸರ ಕಾರ್ಯಕ್ರಮ ನಮ್ಮ ಹತ್ತಿರ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧ. ಸಾಯುವವರ ಸಂಖ್ಯೆ ನೋಡಿದರೆ ನಿಷೇಧ ಸರಿಯೇ. ಆದರೆ ರಸ್ತೆಯ ಮಧ್ಯದಲ್ಲಿ ಹೋಗುವವರು ಕಾರಿನವರು. ರಸ್ತೆ ದಾಟಬೇಕಾದವರು, ಸರ್ವಿಸ್ ರೋಡಿನಲ್ಲಿ ಬಸ್ ಕಾಯಬೇಕಾದವರು, ಮಳೆ ಬಂದರೆ ನೀರು ನಿಲ್ಲುವ ಅಂಡರ್‌ಪಾಸ್‌ನಲ್ಲಿ ಸಂಜೆ ನಡೆಯಬೇಕಾದವರು ಹಳ್ಳಿಯವರು. ಅವರಲ್ಲಿ ಶಾಲೆ ಕಾಲೇಜಿನ ಹುಡುಗಿಯರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ಟ್ರಾಫಿಕ್ ಸರ್ವೆಯಲ್ಲಿ ಗಾಡಿ ಎಣಿಸುವುದನ್ನು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಕಾಯುವವರನ್ನು ಎಣಿಸಲು ಹೇಳಿಕೊಡುವುದಿಲ್ಲ.

ಇದೇ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ದಂಧೆ 2023ರ ಕೊನೆಯಲ್ಲಿ ಬಯಲಾಯಿತು. ಅದೇ ಆಲೆಮನೆಯ ಬೂದಿಯ ಬಗ್ಗೆ ಮೇಲೆ ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು. ಈ ಜಿಲ್ಲೆಯಿಂದ ಒಬ್ಬ ಹುಡುಗಿ ಸಿವಿಲ್ ಸೀಟಿನವರೆಗೆ ಬಂದಳು ಎಂದರೆ ಅವಳು ಎಷ್ಟು ಜರಡಿ ದಾಟಿ ಬಂದಿದ್ದಾಳೆ ಅಂತ ನಾವು ಮರೆಯುತ್ತೇವೆ.

ಹಾಸ್ಟೆಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸೋಲಾರ್ ಬಿಸಿನೀರು ಎಲ್ಲ ಕಡೆ ಇದೆ. ಬೆಳಿಗ್ಗೆ ಆರೂವರೆಗೆ ಖಾಲಿಯಾಗುತ್ತದೆ, ಆಮೇಲೆ ರೂಮಿನಲ್ಲಿ ಕದ್ದು ಕಾಯಿಲ್ ಹಾಕುತ್ತಾರೆ. ಟ್ಯಾಂಕಿನ ಅಳತೆ ಲೆಕ್ಕ ಹಾಕಿದವರು ತಲೆಸ್ನಾನ, ಉದ್ದ ಕೂದಲು ನೆನೆಸಿಕೊಂಡಿರಲಿಲ್ಲ ಅಂತ ಕಾಣುತ್ತದೆ. ಪ್ಯಾಡ್ ಸುಡುವ ಸಣ್ಣ ಮೆಷಿನ್‌ಗಳದ್ದು ಇನ್ನೊಂದು ಪಾಡು. ಪ್ಯಾಡಿನಲ್ಲಿ ಇರುವುದು ಬಹುಪಾಲು ಪ್ಲಾಸ್ಟಿಕ್. ಸಾಕಷ್ಟು ಕಾವಿಲ್ಲದೆ ಸುಟ್ಟರೆ ವಿಷದ ಹೊಗೆ. ಹೊಗೆ ಹೋಗುವ ಪೈಪು ಪಕ್ಕದ ಬಾತ್‌ರೂಮ್ ಕಿಟಕಿಗೇ ಬಂದಿರುವುದನ್ನೂ ನೋಡಿದ್ದೇನೆ. ಹಸಿರು ಫೈಲಿನಲ್ಲಿ ಅದು ‘ತ್ಯಾಜ್ಯ ನಿರ್ವಹಣೆ’, ಇನ್ನೊಂದರಲ್ಲಿ ‘ಮಹಿಳಾ ಸೌಲಭ್ಯ’. ಚಾಮರಾಜನಗರದಲ್ಲಿ ಸರ್ಕಾರವೇ ಹುಡುಗಿಯರಿಗೆ ಮುಟ್ಟಿನ ಕಪ್ ಕೊಟ್ಟು ನೋಡಿತು. ಕಪ್ ಬಳಸಬೇಕಾದರೆ ಟಾಯ್ಲೆಟ್ ಒಳಗೇ ನಲ್ಲಿ ಬೇಕು. ನಮ್ಮ ಎಷ್ಟು ಕಾಲೇಜುಗಳ ಟಾಯ್ಲೆಟ್ ಒಳಗೆ ನಲ್ಲಿಯಲ್ಲಿ ನೀರು ಬರುತ್ತದೆ? ಮತ್ತೆ ಬೀಗದ ಹತ್ತಿರವೇ ಬಂದೆವು ನೋಡಿ.

ಎಸಿ ಸೆಮಿನಾರ್ ಹಾಲಿನಲ್ಲಿ ಹುಡುಗಿಯರು ಶಾಲು ಹೊದ್ದು ಕೂರುವುದಕ್ಕೂ ಕಾರಣ ಉಂಟು. ಕಚೇರಿಗಳ ತಂಪಿನ ಲೆಕ್ಕ 1960ರ ದಶಕದ ಒಂದು ಸೂತ್ರದ್ದು. ಅದರಲ್ಲಿ ಮೈಯ ಶಾಖ ಎಣಿಸಿದ್ದು 70 ಕೆಜಿ ತೂಕದ, ನಡುವಯಸ್ಸಿನ ಗಂಡಸಿನ ಲೆಕ್ಕದಲ್ಲಿ. 2015ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಹೆಣ್ಣುಮಕ್ಕಳಿಗೆ ನಡುಕ, ವಿದ್ಯುತ್ ದಂಡ. ಮೈಸೂರಿನ ಹವೆಗೆ ಎತ್ತರದ ಸೂರು, ಜಗಲಿ, ಗವಾಕ್ಷಿ ಇದ್ದ ಹಳೆಯ ಕಾಲೇಜು ಕಟ್ಟಡಗಳಲ್ಲಿ ಫ್ಯಾನೇ ಸಾಕಿತ್ತು.

ಆ ಹಳೆಯ ಕಟ್ಟಡಗಳನ್ನು ನಾವು ಹೇಗೆ ನೋಡಿಕೊಂಡೆವು ಅನ್ನುವುದು ಬೇರೆಯೇ ಕಥೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ, 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಲ್ಯಾಬ್ ಇದ್ದ ಭಾಗ ಕುಸಿಯಿತು. 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾಗಿ, ಈ ಸೀಮೆಯ ತಲೆಮಾರುಗಳ ಹುಡುಗಿಯರನ್ನು ಓದಿಸಿದ ಸಂಸ್ಥೆ ಅದು. ಅದೃಷ್ಟಕ್ಕೆ ಪ್ರಾಣ ಹೋಗಲಿಲ್ಲ. ಸೋರುವ ಸೂರಿಗೆ ವರ್ಷಕ್ಕೊಮ್ಮೆ ರಿಪೇರಿ ಮಾಡದಿದ್ದರೆ ಸುಣ್ಣದ ಗಾರೆ ನೆನೆದು ನೆನೆದು ಸಡಿಲವಾಗುತ್ತದೆ. ಇದರಲ್ಲಿ ರಾಕೆಟ್ ವಿಜ್ಞಾನವಿಲ್ಲ. ರಿಪೇರಿಗೆ ಉದ್ಘಾಟನೆಯ ಕಲ್ಲು ಹಾಕಲು ಬರುವುದಿಲ್ಲ, ಅದೇ ತೊಂದರೆ. ಹೆಣ್ಣುಮಕ್ಕಳಿಗೆಂದೇ ಹೊಸ ಕಟ್ಟಡ ಏಳುವ ಕಡೆಯಲ್ಲೆಲ್ಲ ನನಗೆ ಒಂದೇ ಕುತೂಹಲ. ನಕ್ಷೆ ಅಂತಿಮವಾಗುವ ಮುಂಚೆ ಅಲ್ಲಿ ಓದುವ ಹತ್ತು ಹುಡುಗಿಯರನ್ನು ಕೂರಿಸಿಕೊಂಡು ಕೇಳುತ್ತಾರಾ? ಮೆಟ್ಟಿಲಿನ ನಡುವೆ ಸಂದಿ ಬಿಟ್ಟು, ಗಾಜಿನ ಕಟಕಟೆ ಹಾಕುವುದು ಈಗಿನ ಫ್ಯಾಷನ್. ಸೀರೆ, ಲಂಗ ಉಟ್ಟವರು ಅದನ್ನು ಒಂದು ಸಲ ಹತ್ತಿದರೆ ಸಾಕು, ನಕ್ಷೆ ತಿದ್ದಿಸುತ್ತಾರೆ.

ಹೋದ ವರ್ಷ ನಮ್ಮ ಐದನೇ ಸೆಮಿಸ್ಟರಿನವರನ್ನು ಕ್ಯಾಂಪಸ್ ನಡಿಗೆಗೆ ಕಳಿಸಿದೆ. ಸಂಜೆ ಆರರಿಂದ ಎಂಟು. ಹುಡುಗ ಹುಡುಗಿಯರು ಸೇರಿದ ತಂಡಗಳು. ಕೈಯಲ್ಲಿ ಕ್ಯಾಂಪಸ್ ನಕ್ಷೆ, ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್. ಎಲ್ಲಿ ನಡಿಗೆ ಚುರುಕಾಯಿತು, ಎಲ್ಲಿ ಫೋನ್ ಕೈಗೆ ಬಂತು, ಎಲ್ಲಿ ನಲ್ಲಿ ಸೋರುತ್ತಿದೆ, ಯಾವ ಟಾಯ್ಲೆಟ್ ಬೀಗ ಹಾಕಿದೆ, ಯಾವ ದೀಪ ಸುಮ್ನೆ ಖಾಲಿ ಗೋಡೆಗೆ ಉರಿಯುತ್ತಿದೆ, ಎಲ್ಲ ಗುರುತು ಹಾಕಿ ತಂದರು. ಹುಡುಗರ ನಕ್ಷೆಯಲ್ಲಿ ಸೋರುವ ನಲ್ಲಿ, ವ್ಯರ್ಥ ದೀಪ ಜಾಸ್ತಿ. ಹುಡುಗಿಯರ ನಕ್ಷೆಯಲ್ಲಿ ಕತ್ತಲೆ, ಬೀಗ ಜಾಸ್ತಿ. ಒಂದರ ಮೇಲೊಂದು ಇಟ್ಟು ನೋಡಿದರೆ ಗುರುತುಗಳು ಬಿದ್ದದ್ದು ಹೆಚ್ಚುಕಡಿಮೆ ಅವೇ ಜಾಗಗಳಲ್ಲಿ. ಯಾರೂ ಹೋಗಿ ನೋಡದ ಹಿಂದಿನ ಬ್ಲಾಕ್, ವರ್ಕ್‌ಶಾಪಿನ ಪಕ್ಕ, ಹಳೆಯ ಸೈಕಲ್ ಸ್ಟ್ಯಾಂಡ್.

ಒಬ್ಬ ಹುಡುಗ ಹೇಳಿದ್ದು ನೆನಪಿದೆ. ‘ಮೇಡಂ, ಈ ದಾರೀಲಿ ನಾನು ಮೂರು ವರ್ಷದಿಂದ ಓಡಾಡ್ತಿದ್ದೀನಿ. ಇಲ್ಲಿ ಲೈಟೇ ಇಲ್ಲ ಅಂತ ಇವತ್ತೇ ಗೊತ್ತಾಗಿದ್ದು.’

ವರದಿಯನ್ನು ಚೆಂದವಾಗಿ ಪ್ರಿಂಟ್ ಹಾಕಿಸಿ ಆಫೀಸಿಗೆ ಕೊಟ್ಟೆ. ಕ್ಲರ್ಕ್ ಹಾಳೆ ತಿರುವಿದರು, ನಕ್ಷೆ ನೋಡಿದರು, ಕಪಾಟಿನ ಕಡೆ ನೋಡಿದರು.

‘ಇದು ಯಾವ ಫೈಲಿಗೆ ಮೇಡಂ? ಹಸಿರಿಗಾ, ಲೇಡೀಸಿಗಾ?’

ಎರಡು ಜೆರಾಕ್ಸ್ ತೆಗೆಸಿ ಅಂದೆ.